ಒದ್ದೆ ಪಾದಗಳ ಹೊಣೆ ಯಾರದು? ಚಿಕ್ಕಮಗಳೂರು ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ಕಾರ್ಮಿಕ ಇಲಾಖೆಯ ಜಿಲ್ಲಾ ಅಧಿಕಾರಿಗಳು,
ಚಿಕ್ಕಮಗಳೂರು.

ವಿಷಯ: ಮಳೆಗಾಲದಲ್ಲಿ ತೋಟ ಮತ್ತು ಗದ್ದೆ ಕಾರ್ಮಿಕರ ಪಾದಗಳಿಗೆ ಆಗುತ್ತಿರುವ ಶೀತದ ಗಾಯ, ಅದರ ಚಿಕಿತ್ಸೆ ಹಾಗೂ ತಡೆಯ ಕುರಿತು.

ಮಾನ್ಯರೇ,

ನಾನು ಮೂಡಿಗೆರೆ ತಾಲ್ಲೂಕಿನವನು. ಸೇನೆಯ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದು, ನಿವೃತ್ತನಾದ ಮೇಲೆ ಊರಿಗೆ ಬಂದು ಒಂದಷ್ಟು ಕಾಫಿ, ಒಂದಿಷ್ಟು ಗದ್ದೆ ನೋಡಿಕೊಂಡಿದ್ದೇನೆ. ಎತ್ತರದ ಚಳಿ ಪ್ರದೇಶಗಳಲ್ಲಿ ಸೇವೆಯಲ್ಲಿದ್ದಾಗ ಜವಾನರ ಬೂಟು ಬಿಚ್ಚಿಸಿ ಪಾದ ನೋಡುವುದು ನಮ್ಮ ದಿನನಿತ್ಯದ ಕೆಲಸವಾಗಿತ್ತು. ಅಲ್ಲಿ ಯಾವ ಗಾಯವನ್ನು ಗುರುತಿಸಲು ಕಲಿತೆನೋ ಅದೇ ಜಾತಿಯ ಗಾಯವನ್ನು ಈಗ ಮಳೆಗಾಲ ಬಂತೆಂದರೆ ನಮ್ಮ ತೋಟದ ಕಾರ್ಮಿಕರು ಇರುವ ಲೈನ್ ಮನೆಗಳಲ್ಲಿ, ಗದ್ದೆ ಬದುವಿನಲ್ಲಿ ಕಾಣುತ್ತಿದ್ದೇನೆ. ಅಲ್ಲಿ ಒಬ್ಬ ಜವಾನನ ಪಾದ ಕೆಟ್ಟರೆ ಅವನ ಮೇಲಿನವರು ಉತ್ತರ ಕೊಡಬೇಕಿತ್ತು. ಇಲ್ಲಿ ಯಾರೂ ಉತ್ತರ ಕೊಡಬೇಕಾಗಿಲ್ಲ. ಈ ಪತ್ರ ಬರೆಯಲು ಕಾರಣ ಅದೇ.

ಕಳೆದ ಮಳೆಗಾಲದಲ್ಲಿ, ಪುಷ್ಯ ಮಳೆ ಹೊಡೆಯುತ್ತಿದ್ದಾಗ, ನಮ್ಮ ಹತ್ತಿರದ ಎಸ್ಟೇಟೊಂದರ ಲೈನಿನಲ್ಲಿರುವ ಒಬ್ಬ ಹೆಣ್ಣುಮಗಳ ಕಾಲು ನೋಡಿದೆ. ಬೆಳಿಗ್ಗೆ ಅಗೆ (ಭತ್ತದ ಸಸಿ) ಕೀಳುವುದು, ಆಮೇಲೆ ಸಂಜೆಯವರೆಗೆ ನಾಟಿ. ವಾರವಿಡೀ ಹೀಗೇ ನಡೆದಿತ್ತು. ಅಂಗಾಲು ಬೂದಿ ಬಣ್ಣಕ್ಕೆ ತಿರುಗಿ ನೆರಿಗೆಗಟ್ಟಿತ್ತು. ಒಲೆ ಮುಂದೆ ಕೂತಿದ್ದರೂ ಪಾದ ಮುಟ್ಟಿದರೆ ತಣ್ಣಗಿತ್ತು. ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟರೆ ಬಣ್ಣ ಮರಳಲು ಹೊತ್ತು ಹಿಡಿಯುತ್ತಿತ್ತು. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯನ್ನು ಬೆರಳುಗಳ ಮೇಲೆ ಆಡಿಸಿದೆ, ಆಕೆಗೆ ಗೊತ್ತಾಗಲಿಲ್ಲ. "ಅಣ್ಣಾ, ಹತ್ತಿ ಮೂಟೆ ಮೇಲೆ ಕಾಲಿಟ್ಟಂಗೆ ಆಗ್ತದೆ, ನೆಲ ಸಿಕ್ಕೂದೇ ಇಲ್ಲ" ಎಂದಳು. ಹಿಂದಿನ ರಾತ್ರಿ ಜೋಮು ಬಿಡಲೆಂದು ಬಚ್ಚಲ ಒಲೆಗೆ ಕಾಲು ಚಾಚಿ ಕೂತಿದ್ದಳಂತೆ. ಬಿಸಿ ತಾಗಿದ್ದೇ ತಿಳಿದಿರಲಿಲ್ಲ. ಪಾದದ ಪಕ್ಕದಲ್ಲಿ ಎರಡು ಬೊಬ್ಬೆ ಎದ್ದಿದ್ದವು. ಶೀತದ ಗಾಯದ ಮೇಲೆ ಸುಟ್ಟ ಗಾಯವೂ ಸೇರಿಕೊಂಡಿತ್ತು.

ಪೇಟೆಯ ಆಸ್ಪತ್ರೆಯೊಂದರಲ್ಲಿ ಆಗಲೇ ತೋರಿಸಿಕೊಂಡು ಬಂದಿದ್ದಳು. ಚೀಟಿಯಲ್ಲಿ ಫಂಗಲ್ ಸೋಂಕು ಎಂದು ಬರೆದು ಮುಲಾಮು ಕೊಟ್ಟಿದ್ದರು. ದಿನಕ್ಕೆ ಎಷ್ಟು ಗಂಟೆ ನೀರಿನಲ್ಲಿ ನಿಲ್ಲುತ್ತೀಯ ಎಂದು ಯಾರೂ ಕೇಳಿರಲಿಲ್ಲ. ಎರಡು ಮೂರು ದಿನದಲ್ಲಿ ಪಾದಗಳು ಊದಿ, ಬಿಸಿಯಾಗಿ, ರಾತ್ರಿ ಕಂಬಳಿ ತಾಗಿದರೂ ಚೀರುವಷ್ಟು ಉರಿ ಶುರುವಾಯಿತು. ಹೊರಗೆ ದೊಡ್ಡ ಗಾಯವೇನೂ ಕಾಣದ್ದರಿಂದ ಮೇಸ್ತ್ರಿಗೆ ಇದು ಕೆಲಸ ತಪ್ಪಿಸುವ ನೆಪ ಎನಿಸಿತು. ಕಾಫಿ ಕುಯ್ಲಿನ ಹೊತ್ತಿಗೂ ಬೆಳಗಿನ ಇಬ್ಬನಿಯಲ್ಲಿ ಆಕೆಯ ಬೆರಳುಗಳು ನೋಯುತ್ತಿದ್ದವು. ಮುಲಾಮು ಹಚ್ಚಿದರೆ ಹೋಗುವ ಕಾಯಿಲೆ ಆರು ತಿಂಗಳ ಮೇಲೂ ಉಳಿಯುವುದಿಲ್ಲ, ಮಾನ್ಯರೇ.

ಇದನ್ನು ಟ್ರೆಂಚ್ ಫುಟ್, ಇಮ್ಮರ್ಶನ್ ಫುಟ್ ಎನ್ನುತ್ತಾರೆ. ಹಿಮಾಲಯದಲ್ಲಿ ಕೇಳಿಬರುವ ಫ್ರಾಸ್ಟ್‌ಬೈಟ್‌ನಲ್ಲಿ ಚರ್ಮ, ಮಾಂಸ ನಿಜವಾಗಿ ಹೆಪ್ಪುಗಟ್ಟುತ್ತವೆ, ಅದಕ್ಕೆ ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿ ಬೇಕು. ಇದಕ್ಕೆ ಅಂಥ ಚಳಿ ಬೇಡ. ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ವೇಗವಾಗಿ ಮೈಯ ಶಾಖ ಎಳೆಯುತ್ತದೆ. ಪಾದ ಗಂಟೆಗಟ್ಟಲೆ ಒದ್ದೆಯಾಗಿ ತಣ್ಣಗಿದ್ದರೆ, ಮೈಯ ಶಾಖ ಉಳಿಸಲು ದೇಹವೇ ಪಾದದ ರಕ್ತನಾಳಗಳನ್ನು ಬಿಗಿಮಾಡುತ್ತದೆ. ಆ ಬಿಗಿತ ಬಹಳ ಹೊತ್ತು ಮುಂದುವರಿದರೆ ಸಣ್ಣ ರಕ್ತನಾಳಗಳೂ ನರಗಳೂ ಹಾಳಾಗುತ್ತವೆ. ಮೊದಲು ಪಾದ ಮರಗಟ್ಟುತ್ತದೆ. ಒಣಗಿ ಬೆಚ್ಚಗಾದ ಮೇಲೂ ಕೆಲವು ಗಂಟೆಯಿಂದ ಕೆಲವು ದಿನ ತಣ್ಣಗೆ, ಮಚ್ಚೆಮಚ್ಚೆಯಾಗಿ ಇರುತ್ತದೆ. ಆಮೇಲೆ ರಕ್ತ ನುಗ್ಗಿ ಊತ, ಉರಿ, ಬೊಬ್ಬೆ. ಈ ಹಂತ ವಾರಗಟ್ಟಲೆ ಎಳೆಯಬಹುದು. ಕೊನೆಯದಾಗಿ ಕೆಲವರಿಗೆ ಚಳಿ ತಾಗಿದರೆ ನೋವು, ಪಾದ ವಿಪರೀತ ಬೆವರುವುದು, ನರದ ಉರಿ ಇವು ವರ್ಷಗಟ್ಟಲೆ, ಒಮ್ಮೊಮ್ಮೆ ಜೀವನಪೂರ್ತಿ ಉಳಿಯುತ್ತವೆ. ಒಮ್ಮೆ ಹೀಗಾದವರಿಗೆ ಮುಂದಿನ ಮಳೆಗಾಲದಲ್ಲಿ ಮತ್ತೆ ಆಗುವುದು ಸುಲಭ.

"ನಮ್ಮ ಊರಲ್ಲಿ ಅಷ್ಟು ಚಳಿ ಎಲ್ಲಿದೆ?" ಎಂದು ವೈದ್ಯರೊಬ್ಬರು ನನ್ನನ್ನೇ ಕೇಳಿದರು. ನ್ಯಾಯವಾದ ಪ್ರಶ್ನೆ, ಉತ್ತರ ಕೊಡಬೇಕು. ಈ ಗಾಯ ಹೆಚ್ಚಾಗಿ ಕಾಣುವುದು 0ಯಿಂದ 15 ಡಿಗ್ರಿ ಸೆಲ್ಸಿಯಸ್‌ನೊಳಗೆ, ನಿಜ. ಆದರೆ ಆ ಗಡಿ ಗೆರೆ ಎಳೆದಂತೆ ಇಲ್ಲ. ಒದ್ದೆಯಲ್ಲಿರುವ ಹೊತ್ತು ಹೆಚ್ಚಾದಷ್ಟೂ ಕಡಿಮೆ ಚಳಿ ಸಾಕಾಗುತ್ತದೆ. ಇನ್ನೂ ಬೆಚ್ಚಗಿನ ನೀರಿನಲ್ಲೂ ಪಾದ ಕೆಡುತ್ತದೆ: ವಿಯೆಟ್ನಾಂ ಯುದ್ಧದಲ್ಲಿ ಭತ್ತದ ಗದ್ದೆಗಳಲ್ಲಿ ದಿನಗಟ್ಟಲೆ ನಡೆದ ಅಮೆರಿಕದ ಸೈನಿಕರಲ್ಲಿ ಅದನ್ನು ಸಾಕಷ್ಟು ನೋಡಿದ್ದಾರೆ. ಅದು ಅಷ್ಟು ಆಳದ ಗಾಯವಲ್ಲ, ಪಾದ ಒಣಗಿಸಿ ವಿಶ್ರಾಂತಿ ಕೊಟ್ಟರೆ ಕೆಲವು ದಿನದಲ್ಲಿ ವಾಸಿಯಾಗುತ್ತದೆ. ನೀರು ತಣ್ಣಗಾದಷ್ಟೂ ನರಕ್ಕೆ ಪೆಟ್ಟು ಹೆಚ್ಚು. ಕೊಟ್ಟಿಗೆಹಾರ, ಬಾಳೂರು, ಕಳಸದ ಕಡೆ ಜುಲೈನಲ್ಲಿ ಬಿಸಿಲಿನ ಮುಖ ಕಾಣದ ವಾರಗಳಿರುತ್ತವೆ. ಮೈ ತೊಯ್ದು, ಗಾಳಿಗೆ ನಿಂತು, ಹೊಟ್ಟೆಗೆ ಸರಿಯಾಗಿ ಇಲ್ಲದೆ, ಬೀಡಿ ಸೇದುತ್ತಾ ಕೆಲಸ ಮಾಡುವವರ ಪಾದ ಥರ್ಮಾಮೀಟರಿನ ಲೆಕ್ಕಕ್ಕೆ ಕಾಯುವುದಿಲ್ಲ. ಹಸಿವು, ಆಯಾಸ, ತಂಬಾಕು, ಬಿಗಿ ಬೂಟು, ಒಂದೇ ಕಡೆ ನಿಂತು ಮಾಡುವ ಕೆಲಸ ಇವೆಲ್ಲ ಈ ಗಾಯವನ್ನು ಹತ್ತಿರ ಮಾಡುತ್ತವೆ.

ಫಂಗಸ್‌ನಿಂದ ಆಗುವ ಕೆಸರು ಹುಣ್ಣಿಗೂ ಇದಕ್ಕೂ ವ್ಯತ್ಯಾಸ ಗುರುತಿಸುವುದು ಕಷ್ಟವಿಲ್ಲ. ಕೆಸರು ಹುಣ್ಣು ಬೆರಳ ಸಂದಿಯಲ್ಲಿ ಶುರುವಾಗುತ್ತದೆ, ತುರಿಸುತ್ತದೆ, ಸಿಪ್ಪೆ ಏಳುತ್ತದೆ, ಆದರೆ ಸ್ಪರ್ಶ ಗೊತ್ತಾಗುತ್ತದೆ. ಶೀತದ ಗಾಯದಲ್ಲಿ ಸಾಮಾನ್ಯವಾಗಿ ಎರಡೂ ಪಾದ ಮರಗಟ್ಟುತ್ತವೆ, ಒದ್ದೆಯಿಂದ ಹೊರಬಂದ ಮೇಲೂ ಜೋಮು ಬಿಡುವುದಿಲ್ಲ. ಪುಸ್ತಕದ ಚಿತ್ರಗಳಲ್ಲಿ ಬಿಳಿಯರ ಪಾದ ಕೆಂಪಾಗಿ ತೋರುತ್ತದೆ. ನಮ್ಮ ಮೈಬಣ್ಣದಲ್ಲಿ ಆ ಕೆಂಪು ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಮುಟ್ಟಿ, ಒತ್ತಿ, ಹತ್ತಿಯೆಳೆ ಆಡಿಸಿ ನೋಡಬೇಕು. ಮರಗಟ್ಟಿದ ಪಾದ ಎಂದರೆ ಸಕ್ಕರೆ ಕಾಯಿಲೆಯೂ ಇರಬಹುದು, ಕುಷ್ಠವೂ ಇರಬಹುದು, ಅವನ್ನೂ ಪರೀಕ್ಷಿಸಲೇಬೇಕು. ಇನ್ನೊಂದು ಮಾತು: ನೀರಿನಲ್ಲಿ ನೆನೆದು ಬಿರಿದ ಚರ್ಮ ಇಲಿಜ್ವರದ ರೋಗಾಣುಗಳಿಗೆ ತೆರೆದ ಬಾಗಿಲು. ಪಾದ ಕೆಟ್ಟವರಿಗೆ ಜ್ವರ, ಮೀನಖಂಡದ ನೋವು ಬಂದರೆ ಅದನ್ನು ಮಾಮೂಲಿ ಮಳೆಗಾಲದ ಜ್ವರವೆಂದು ಬಿಡಬಾರದು.

ಚಿಕಿತ್ಸೆಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ನಡೆಯುವುದೆಲ್ಲ ತಿರುಗುಮುರುಗು. ಒಲೆಗೆ ಕಾಲು ಚಾಚುತ್ತಾರೆ, ಹಂಡೆಯ ಬಿಸಿನೀರು ಸುರಿಯುತ್ತಾರೆ, ಎಣ್ಣೆ ಹಾಕಿ ಉಜ್ಜುತ್ತಾರೆ. ಮೂರೂ ಕೂಡದು. ಮರಗಟ್ಟಿದ ಪಾದಕ್ಕೆ ಬಿಸಿ ತಿಳಿಯುವುದಿಲ್ಲ, ಉಜ್ಜಿದರೆ ಪೆಟ್ಟು ತಿಂದ ಚರ್ಮ ಕಿತ್ತುಬರುತ್ತದೆ. ಮೊಬೈಲಿನಲ್ಲಿ ಹುಡುಕುವ ಹುಡುಗರು 37ರಿಂದ 39 ಡಿಗ್ರಿ ನೀರಿನಲ್ಲಿ ಮುಳುಗಿಸಿ ಎನ್ನುತ್ತಾರೆ. ಅದು ಫ್ರಾಸ್ಟ್‌ಬೈಟ್‌ಗೆ ಹೇಳಿದ್ದು, ಇದಕ್ಕಲ್ಲ. ಇಲ್ಲಿ ಮೊದಲು ಮೈ ಬೆಚ್ಚಗಾಗಬೇಕು: ಒಣ ಬಟ್ಟೆ, ಕಂಬಳಿ, ಕುಡಿಯಲು ಬಿಸಿ ಗಂಜಿಯೋ ಕಾಫಿಯೋ. ಪಾದವನ್ನು ಮೆಲ್ಲಗೆ ಒತ್ತಿ ಒರೆಸಿ, ತುಸು ಎತ್ತರದಲ್ಲಿಟ್ಟು, ಗಾಳಿಯಾಡಲು ಬಿಟ್ಟು, ತಾನಾಗಿಯೇ ನಿಧಾನಕ್ಕೆ ಬೆಚ್ಚಗಾಗಲು ಬಿಡಬೇಕು. ಬೊಬ್ಬೆ ಒಡೆಯಬಾರದು. ಊತ ಇಳಿಯುವವರೆಗೆ ನಡೆದಾಡುವುದು ಕಡಿಮೆ ಮಾಡಬೇಕು, ಮತ್ತೆ ನೀರಿಗಂತೂ ಇಳಿಯಲೇಬಾರದು. ಬೀಡಿ, ಹೊಗೆಸೊಪ್ಪು ನಿಲ್ಲಿಸಬೇಕು. ನರದ ಉರಿಗೆ ಮಾಮೂಲಿ ನೋವಿನ ಮಾತ್ರೆ ಸಾಲುವುದಿಲ್ಲ. ಅಮಿಟ್ರಿಪ್ಟಿಲಿನ್‌ನಂಥ ಮಾತ್ರೆಯನ್ನು ವೈದ್ಯರು ಬೇಗ ಶುರುಮಾಡಿದರೆ ರಾತ್ರಿಯ ನೋವು ತಗ್ಗುತ್ತದೆ, ಅದು ದುಬಾರಿ ಔಷಧಿಯೇನಲ್ಲ. ಚರ್ಮ ಒಡೆದಿದ್ದರೆ ಟಿಟಿ ಚುಚ್ಚುಮದ್ದು ಬೇಕು. ಸೋಂಕಿನ ಲಕ್ಷಣ ಇದ್ದರೆ ಮಾತ್ರ ಆ್ಯಂಟಿಬಯಾಟಿಕ್. ಬೆರಳು ಕಪ್ಪಾದರೆ, ವಾಸನೆ ಬಂದರೆ, ಜ್ವರ ಏರಿದರೆ ಒಂದು ದಿನವೂ ಕಾಯದೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು.

ಇನ್ನು ಗಂಬೂಟಿನ ವಿಷಯ. ಎಸ್ಟೇಟಿನವರೊಡನೆ ಮಾತಾಡಿದರೆ "ಗಂಬೂಟು ಕೊಟ್ಟಿದ್ದೇವಲ್ಲ" ಎನ್ನುತ್ತಾರೆ. ಕೊಟ್ಟಿರುವುದು ಸುಳ್ಳಲ್ಲ. ಆದರೆ ಆ ಬೂಟಿನ ಒಳಗೆ ಕೈ ಹಾಕಿ ನೋಡಬೇಕು. ಕಳೆ ತೆಗೆಯುವಾಗ, ಚಿಗುರು ತೆಗೆಯುವಾಗ ಗಿಡದಿಂದ ಇಳಿದ ನೀರು ಮೇಲಿನ ಬಾಯಿಂದಲೇ ಒಳಗೆ ಹೋಗುತ್ತದೆ. ಹೊರಬರಲು ದಾರಿಯಿಲ್ಲ. ಬೆವರೂ ಸೇರಿ ಹತ್ತು ಗಂಟೆಯ ಹೊತ್ತಿಗೆ ಬೆರಳುಗಳು ನೀರಿನಲ್ಲಿ ನಿಂತಿರುತ್ತವೆ. ಇಂಬಳ (ಜಿಗಣೆ) ಹತ್ತದಿರಲೆಂದು ಬೂಟಿನ ಬಾಯಿಗೆ ಟ್ಯೂಬಿನ ರಬ್ಬರು ಬಿಗಿದು ಕಟ್ಟುತ್ತಾರೆ. ನಾನು ಬಿಚ್ಚಿಸಿ ನೋಡಿದ ಒಬ್ಬ ಹುಡುಗನ ಮೀನಖಂಡದ ಮೇಲೆ ಆ ರಬ್ಬರಿನ ಅಚ್ಚು ಬೆರಳು ಹೂತುಹೋಗುವಷ್ಟು ಆಳವಾಗಿತ್ತು. ರಕ್ತ ಇಳಿಯದ ಹಾಗೆ ಕಟ್ಟಿ, ತಣ್ಣೀರಿನಲ್ಲಿ ಇಟ್ಟು, ಇಡೀ ದಿನ ನಿಲ್ಲಿಸಿದರೆ ಇನ್ನೇನಾಗಬೇಕು? ಕಾಲುಚೀಲ ಇಲ್ಲ, ಇದ್ದರೆ ಒಂದೇ ಜೊತೆ, ಅದು ಮರುದಿನ ಬೆಳಿಗ್ಗೆಗೂ ಒಣಗಿರುವುದಿಲ್ಲ. ಅಳತೆ ನೋಡಿ ಕೊಡುವ ಪದ್ಧತಿಯೂ ಇಲ್ಲ. ಬಹಳಷ್ಟು ಹೆಂಗಸರು ಗಂಡಸರ ಅಳತೆಯ ಬೂಟಿನಲ್ಲಿ ಕಾಲೆಳೆಯುತ್ತಾರೆ, ಇಲ್ಲವೇ ಬರಿಗಾಲಲ್ಲಿ ಇಳಿಯುತ್ತಾರೆ.

ಈ ಗಾಯವನ್ನು ತಡೆಯುವುದು ಹೇಗೆಂದು ಜಗತ್ತಿಗೆ ನೂರು ವರ್ಷದಿಂದ ಗೊತ್ತಿದೆ. 1812ರಲ್ಲಿ ನೆಪೋಲಿಯನ್ನನ ಸೇನೆ ರಷ್ಯಾದಿಂದ ಹಿಂದಿರುಗುವಾಗ ಅವನ ಶಸ್ತ್ರವೈದ್ಯ ಲಾರೆ ಶೀತದ ಗಾಯಗಳ ಬಗ್ಗೆ ಬರೆದಿಟ್ಟ. ಮೊದಲ ಮಹಾಯುದ್ಧದ ಕಂದಕಗಳಲ್ಲಿ, ಅಂದರೆ ಟ್ರೆಂಚ್‌ಗಳಲ್ಲಿ, ಬ್ರಿಟಿಷ್ ಸೇನೆಯೊಂದರಲ್ಲೇ ಸುಮಾರು 75,000 ಮಂದಿ ಇದರಿಂದ ನರಳಿದರು. ನಮ್ಮ ದೇಶದ ಸೈನಿಕರೂ 1914-15ರ ಚಳಿಗಾಲವನ್ನು ಫ್ರಾನ್ಸಿನ ಆ ಕೆಸರಿನಲ್ಲೇ ಕಳೆದರು. ಆಮೇಲೆ ಅಲ್ಲಿ ನಡೆದದ್ದನ್ನು ತಾವು ಗಮನಿಸಬೇಕೆಂದು ಬೇಡುತ್ತೇನೆ. ಹೊಸ ಔಷಧಿಯೇನೂ ಬರಲಿಲ್ಲ. ದಿನವೂ ಕಾಲುಚೀಲ ಬದಲಿಸಬೇಕು, ಪಾದ ಒರೆಸಿಕೊಳ್ಳಬೇಕು, ಸೈನಿಕರು ಜೋಡಿಯಾಗಿ ಒಬ್ಬರ ಪಾದ ಇನ್ನೊಬ್ಬರು ನೋಡಬೇಕು, ಕಂದಕದಲ್ಲಿ ನಿಲ್ಲುವ ಸರದಿ ಬದಲಾಗಬೇಕು ಎಂದು ಆದೇಶವಾಯಿತು. ತುಕಡಿಯ ಪಾದಗಳಿಗೆ ಅದರ ಅಧಿಕಾರಿಯೇ ಹೊಣೆ ಎಂದಾಯಿತು. ಗಾಯಗೊಳ್ಳುವವರ ಸಂಖ್ಯೆ ಇಳಿಯಿತು. ಪಾದ ಒಣಗಿಸಿಕೊಳ್ಳಲು ಆಗದ ಕಡೆ ಈಗಲೂ ಗಾಯ ಮರಳುತ್ತದೆ, 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೆ ಆದದ್ದು ಅದೇ.

ಪಾದ ಒಣಗಿಸಿಕೊಳ್ಳುವುದು ನಿನ್ನ ಜವಾಬ್ದಾರಿ ಎಂದು ಕೂಲಿಯವರಿಗೆ ಹೇಳಿ ಪ್ರಯೋಜನವಿಲ್ಲ. ಯಾವಾಗ ನೀರಿನಿಂದ ಮೇಲೆ ಬರಬೇಕೆಂದು ತೀರ್ಮಾನಿಸುವವರು ಅವರಲ್ಲ. ಬೂಟು ಬಿಚ್ಚಿ ಕೂತರೆ ಹಾಜರಿ ಹೋಗುತ್ತದೆ. ಕೆಲಸದ ಗಂಟೆ ಯಾರ ಕೈಯಲ್ಲಿದೆಯೋ ಪಾದದ ಹೊಣೆಯೂ ಅವರದಾಗಬೇಕು. ನನ್ನ ಗದ್ದೆಗೆ ಬರುವವರ ಪಾದದ ಹೊಣೆ ನನ್ನದು, ಅದನ್ನು ಒಪ್ಪಿಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಕಾನೂನು ಇದನ್ನು ಅರ್ಧಕ್ಕೆ ಒಪ್ಪಿದೆ. 1951ರ ತೋಟ ಕಾರ್ಮಿಕರ ಕಾಯ್ದೆಯ 17ನೇ ಕಲಂನಲ್ಲಿ ಮಳೆ ಮತ್ತು ಚಳಿಯಿಂದ ರಕ್ಷಣೆಗಾಗಿ ಕೊಡೆ, ಕಂಬಳಿ, ರೈನ್‌ಕೋಟ್ ಮತ್ತು ಅಂಥ ಇತರ ಸೌಕರ್ಯಗಳನ್ನು ಮಾಲೀಕರು ಕೊಡಬೇಕೆಂದು ರಾಜ್ಯ ಸರ್ಕಾರ ನಿಯಮ ಮಾಡಬಹುದು ಎಂದಿತ್ತು. ತಲೆಗೆ, ಮೈಗೆ ರಕ್ಷಣೆ ಬಂತು, ಪಾದದ ಹೆಸರಿಲ್ಲ. ಆ ಕಾಯ್ದೆಯನ್ನು ಈಗ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯೊಳಗೆ ಸೇರಿಸಲಾಗಿದೆ. ಕಾರ್ಮಿಕ ಇಲಾಖೆಯ ಅಧಿಕಾರಿಗಳಲ್ಲಿ ನನ್ನ ಮನವಿ: ಅದರ ಕೆಳಗಿನ ರಾಜ್ಯದ ನಿಯಮಗಳಲ್ಲಿ ಅಳತೆಗೆ ತಕ್ಕ ಗಂಬೂಟು ಮತ್ತು ಕಾಲುಚೀಲವನ್ನು ಹೆಸರಿಸಿ ಸೇರಿಸಬೇಕೆಂದು ತಾವು ಮೇಲಕ್ಕೆ ಬರೆಯಿರಿ. ಒಬ್ಬರಿಗೆ ಕನಿಷ್ಠ ಮೂರು ಜೊತೆ ಕಾಲುಚೀಲ ಬೇಕು: ಒಂದು ಕಾಲಲ್ಲಿ, ಒಂದು ಚೀಲದಲ್ಲಿ, ಒಂದು ಒಣಗಲು. ತಪಾಸಣೆಗೆ ಹೋದಾಗ ರಿಜಿಸ್ಟರಿನ ಜೊತೆಗೆ ನಾಲ್ಕು ಜನರ ಬೂಟು ಬಿಚ್ಚಿಸಿ ನೋಡಿ.

ಆದರೆ ಹಳೆಯ ಕಾಯ್ದೆ ಲೆಕ್ಕಕ್ಕೆ ತೆಗೆದುಕೊಂಡದ್ದು 5 ಹೆಕ್ಟೇರ್ ಮತ್ತು 15 ಜನ ಕಾರ್ಮಿಕರಿಂದ ಮೇಲಿನ ತೋಟಗಳನ್ನು. ನಮ್ಮ ಜಿಲ್ಲೆಯ ಬೆಳೆಗಾರರಲ್ಲಿ ಹೆಚ್ಚಿನವರು ನನ್ನಂಥ ಸಣ್ಣ ಹಿಡುವಳಿಯವರು. ಗದ್ದೆಯ ನಾಟಿಗಂತೂ ಯಾವ ತೋಟದ ಕಾಯ್ದೆಯೂ ಬರುವುದಿಲ್ಲ. ಅಲ್ಲಿ ಕೈ ಹಾಕಬೇಕಾದವರು ಜಿಲ್ಲಾಡಳಿತ ಮತ್ತು ಆರೋಗ್ಯ ಇಲಾಖೆ. ಇದು ತಮಗೆ ಹೊಸ ಕೆಲಸವೂ ಅಲ್ಲ. ಮಂಗನ ಕಾಯಿಲೆಯ ಕಾಲದಲ್ಲಿ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆ ಕಾಡಿಗೆ, ತೋಟಕ್ಕೆ ಹೋಗುವವರಿಗೆ ಆ ಕಾಯಿಲೆ ಹರಡುವ ಉಣುಗು (ಉಣ್ಣೆ) ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಹಂಚುವವರು, ಮನೆ ಮನೆಗೆ ಹೋಗಿ ಜ್ವರ ಇದೆಯೇ ಎಂದು ಕೇಳುವವರು ತಮ್ಮದೇ ಸಿಬ್ಬಂದಿ, ತಮ್ಮದೇ ಆಶಾ ಕಾರ್ಯಕರ್ತೆಯರು. ಅವರ ದುಡಿಮೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ, ಗೌರವದಿಂದ ಹೇಳುತ್ತಿದ್ದೇನೆ. ಅದೇ ವ್ಯವಸ್ಥೆ ಆರಿದ್ರಾ ಮಳೆಗೆ ಮುಂಚೆ ಪಾದಕ್ಕಾಗಿಯೂ ಒಮ್ಮೆ ಎದ್ದು ನಿಲ್ಲಲಿ.

ಜಿಲ್ಲಾ ಆರೋಗ್ಯಾಧಿಕಾರಿಗಳೇ, ಮೇ ತಿಂಗಳೊಳಗೆ ಮಲೆನಾಡಿನ ತಾಲ್ಲೂಕುಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಶುಶ್ರೂಷಕರಿಗೆ, ಆಶಾ ಕಾರ್ಯಕರ್ತೆಯರಿಗೆ ಅರ್ಧ ದಿನದ ತರಬೇತಿ ಕೊಡಿಸಿ. ಮಳೆಗಾಲದಲ್ಲಿ ಪಾದದ ತೊಂದರೆ ಹೇಳಿಕೊಂಡು ಬಂದವರಿಗೆಲ್ಲ ಎರಡು ಪ್ರಶ್ನೆ ಕೇಳುವುದು ಕಡ್ಡಾಯವಾಗಲಿ: ಎಷ್ಟು ಹೊತ್ತು ಒದ್ದೆಯಲ್ಲಿದ್ದಿರಿ, ಒಣಗಿದ ಮೇಲೂ ಜೋಮು ಇದೆಯೇ? ಹೊರರೋಗಿ ರಿಜಿಸ್ಟರಿನಲ್ಲಿ ಅದಕ್ಕೆ ಬೇರೆಯೇ ನಮೂದು ಇರಲಿ. ಈಗ ಎಲ್ಲವೂ ಫಂಗಲ್ ಎಂಬ ಒಂದೇ ಮಾತಿನಡಿ ಹೋಗುವುದರಿಂದ ತಮ್ಮ ಮೇಜಿಗೆ ಈ ಗಾಯದ ಲೆಕ್ಕ ಬರಲು ದಾರಿಯೇ ಇಲ್ಲ. ಹಾಗೆ ಗುರುತಿಸಿದವರಿಗೆ ವೈದ್ಯರ ಚೀಟಿಯಲ್ಲಿ "ಇಷ್ಟು ದಿನ ನೀರಿನ ಕೆಲಸ ಬೇಡ" ಎಂದು ಸ್ಪಷ್ಟವಾಗಿ ಬರೆದುಕೊಡಲಿ. ಆ ಒಂದು ಸಾಲು ಇದ್ದಿದ್ದರೆ ನಾನು ಹೇಳಿದ ಹೆಣ್ಣುಮಗಳು ಮೇಸ್ತ್ರಿಯ ಮುಂದೆ ಸುಳ್ಳುಗಾರ್ತಿಯಾಗಿ ನಿಲ್ಲಬೇಕಿರಲಿಲ್ಲ. ತಿಳಿವಳಿಕೆಯ ಮಾತುಗಳು ಕನ್ನಡದಲ್ಲಿ ಮಾತ್ರ ಇದ್ದರೆ ಸಾಲದು. ಈಗ ನಮ್ಮ ಲೈನುಗಳಲ್ಲಿ ಅಸ್ಸಾಮಿನಿಂದ, ಜಾರ್ಖಂಡಿನಿಂದ ಬಂದವರಿದ್ದಾರೆ, ತಮಿಳು ಮಾತಾಡುವವರಿದ್ದಾರೆ. ಅವರವರ ಭಾಷೆಯಲ್ಲಿ ಧ್ವನಿ ಮುದ್ರಿಸಿ ಮೊಬೈಲಿಗೆ ಕಳಿಸಿದರೆ ಓದು ಬಾರದವರಿಗೂ ತಲುಪುತ್ತದೆ.

ಜಿಲ್ಲಾಧಿಕಾರಿಗಳೇ, ಬೆಳೆಗಾರರ ಸಂಘಗಳನ್ನೂ ಗ್ರಾಮ ಪಂಚಾಯಿತಿಗಳನ್ನೂ ಮಳೆಗಾಲಕ್ಕೆ ಮುಂಚೆ ಒಂದು ಸಭೆಗೆ ಕರೆಯಿರಿ. ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಸೂರು, ಬೆಂಕಿ, ಕುಡಿಯಲು ಬಿಸಿ ಏನಾದರೂ, ಬೂಟು ಬಿಚ್ಚಿ ಪಾದ ಒರೆಸಿ ಕಾಲುಚೀಲ ಬದಲಿಸಲು ಅರ್ಧ ಗಂಟೆ, ಅದಕ್ಕೆ ಕೂಲಿ ಕಡಿತವಿಲ್ಲ ಎಂದು ಎಲ್ಲರೂ ಒಪ್ಪುವಂತೆ ಮಾಡಿ. ಬೆಳಿಗ್ಗೆ ಅಗೆ ಕಿತ್ತವರನ್ನೇ ಮಧ್ಯಾಹ್ನ ಮತ್ತೆ ಗದ್ದೆಗೆ ಇಳಿಸದೆ, ನರ್ಸರಿಯಲ್ಲೋ ಗೋದಾಮಿನಲ್ಲೋ ಒಣ ಕೆಲಸಕ್ಕೆ ಸರದಿ ಹಾಕಬಹುದು. ದೊಡ್ಡ ಎಸ್ಟೇಟುಗಳಲ್ಲಿ ಏಲಕ್ಕಿ ಒಣಗಿಸುವ ಮನೆಗಳಿವೆ. ಮಳೆಗಾಲದ ಆರಂಭದಲ್ಲಿ ಏಲಕ್ಕಿ ಇಲ್ಲದಾಗ ಅಲ್ಲಿ ಕಾಲುಚೀಲ, ಬೂಟು ಒಣಗಿಸಲು ಎರಡು ತಂತಿ ಕಟ್ಟಿದರೆ ಸಾಕು. ಇಂಬಳಕ್ಕೆ ಬಿಗಿಯಾದ ರಬ್ಬರಿನ ಬದಲು ಮೊಣಕಾಲವರೆಗಿನ ಒತ್ತುನೇಯ್ಗೆಯ ಬಟ್ಟೆಯ ಕಾಲುಚೀಲ ಬರುತ್ತದೆ, ಅದನ್ನು ಕೊಡಬಹುದು. ಮಲಗುವಾಗ ಪಾದ ಸಂಪೂರ್ಣ ಒಣಗಿರಬೇಕು ಎಂಬುದನ್ನು ಪ್ರತಿ ಲೈನಿನಲ್ಲೂ ಹೇಳಬೇಕು. ಇದಾವುದೂ ಬೆಳೆಗಾರರನ್ನು ಮುಳುಗಿಸುವ ಖರ್ಚಲ್ಲ. ನಾಟಿಯ ಹಂಗಾಮಿನಲ್ಲಿ ಒಬ್ಬ ಆಳು ಹಾಸಿಗೆ ಹಿಡಿದರೆ ಆಗುವ ನಷ್ಟ ನಮಗೆಲ್ಲ ಗೊತ್ತಿದೆ.

ಸುರಿವ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್‌ಗಳು, ಅರಣ್ಯ ಇಲಾಖೆಯ ವಾಚರ್‌ಗಳು, ಚರಂಡಿ ಬಿಡಿಸುವ ಪೌರಕಾರ್ಮಿಕರು ಇದೇ ಅಪಾಯದಲ್ಲಿದ್ದಾರೆ, ಅವರ ಇಲಾಖೆಗಳಿಗೂ ಈ ಸೂಚನೆ ಹೋಗಲಿ. ಶಾಲೆಯ ಮಕ್ಕಳ ವಿಷಯವನ್ನೂ ಸೇರಿಸುತ್ತೇನೆ. ದೂರದಿಂದ ನಡೆದು ಬರುವ ಮಕ್ಕಳು ಒದ್ದೆ ಶೂ, ಒದ್ದೆ ಕಾಲುಚೀಲದಲ್ಲೇ ಸಂಜೆವರೆಗೆ ತರಗತಿಯಲ್ಲಿ ಕೂರುತ್ತಾರೆ. ಮಳೆಗಾಲದಲ್ಲಿ ಮಲೆನಾಡಿನ ಶಾಲೆಗಳಲ್ಲಿ ಶೂ ಒತ್ತಾಯ ಬೇಡ, ಚಪ್ಪಲಿ ಹಾಕಿ ಬರಲಿ, ಬಂದ ಕೂಡಲೇ ಪಾದ ಒರೆಸಿಕೊಳ್ಳಲು ಒಂದು ಟವಲು ಇರಲಿ ಎಂದು ಶಿಕ್ಷಣ ಇಲಾಖೆಗೆ ತಾವು ಒಂದು ಮಾತು ಹೇಳಬೇಕು.

ಮುಂಗಾರಿಗೆ ಮುನ್ನ ಈ ಮೂರೂ ಇಲಾಖೆಗಳ ಒಂದು ಜಂಟಿ ಸುತ್ತೋಲೆ ಹೊರಬರಲಿ, ಅದರ ಪ್ರತಿ ಪ್ರತಿಯೊಂದು ಗ್ರಾಮ ಪಂಚಾಯಿತಿಯ ಫಲಕದಲ್ಲಿ, ಎಸ್ಟೇಟ್ ಕಚೇರಿಯ ಗೋಡೆಯಲ್ಲಿ ಇರಲಿ ಎಂಬುದು ನನ್ನ ಕೋರಿಕೆ. ತರಬೇತಿಗೆ ಬೇಕಾದರೆ ನಾನೂ, ಈ ಭಾಗದಲ್ಲಿರುವ ನನ್ನಂಥ ಇತರ ನಿವೃತ್ತ ಸೈನಿಕರೂ ಯಾವ ಸಂಭಾವನೆಯೂ ಇಲ್ಲದೆ ಬಂದು ಪಾದ ಪರೀಕ್ಷೆ ಮಾಡುವುದನ್ನು ತೋರಿಸಿಕೊಡಲು ಸಿದ್ಧರಿದ್ದೇವೆ. ಯಾವ ಆರೋಗ್ಯ ಕೇಂದ್ರಕ್ಕೆ, ಯಾವ ದಿನ ಬರಬೇಕೆಂದು ತಿಳಿಸಿದರೆ ಸಾಕು.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸೈನಿಕ ಹಾಗೂ ಸಣ್ಣ ಬೆಳೆಗಾರ,
ಮೂಡಿಗೆರೆ ತಾಲ್ಲೂಕು